ಹೊಸ ಬಿಷಪರು: ಘೋಷಣೆಯಿಂದ ಪೀಠದವರೆಗೆ

ಕಥೋಲಿಕ ಧರ್ಮಪ್ರಾಂತ್ಯಕ್ಕೆ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶಕ್ಕೆ) ಹೊಸ ಬಿಷಪರು ಬಂದಾಗ ಏನೇನು ಬದಲಾಗುತ್ತದೆ ಎಂದು ಕೇಳಿ ಕರಾವಳಿಯ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಹೊಸ ಬಿಷಪರ ಹೆಸರು ಘೋಷಣೆಯಾದ ಮೇಲೆ ಬರುವ ಭಾನುವಾರದಿಂದಲೇ ಬಲಿಪೂಜೆಯ (ಮಾಸ್) ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳಬಹುದೆ?
– ಪಾಲನಾ ಪರಿಷತ್ ಸದಸ್ಯರು, ಬಜಪೆ

ಉತ್ತರ: ಹೇಳಬಾರದು. ರೋಮಿನಲ್ಲಿ ಮಧ್ಯಾಹ್ನ 12ಕ್ಕೆ ನೇಮಕ ಪ್ರಕಟವಾಗುತ್ತದೆ. ನಮ್ಮಲ್ಲಿ ಆಗ ಸಂಜೆ 3.30, ಯುರೋಪಿನ ಚಳಿಗಾಲವಾದರೆ 4.30. ಇಗರ್ಜಿಯ (ಚರ್ಚಿನ) ಗಂಟೆ ಬಾರಿಸಿ ಸಂತೋಷಪಡಲು ಅಡ್ಡಿಯಿಲ್ಲ. ಆದರೆ ಅವರು ಇನ್ನೂ ‘ನಿಯೋಜಿತ ಬಿಷಪ್’ ಅಷ್ಟೇ. ಬ್ಯಾನರ್, ಆಮಂತ್ರಣ ಪತ್ರಿಕೆಗಳಲ್ಲೂ ಹಾಗೆಯೇ ಅಚ್ಚಾಗಬೇಕು. ಧರ್ಮಪ್ರಾಂತ್ಯದ ಆಡಳಿತದಲ್ಲಿ ಕೈಹಾಕುವುದನ್ನು ಕಥೋಲಿಕ ಧರ್ಮಸಭೆಯ ಕಾನೂನೇ ಅವರಿಗೆ ನಿಷೇಧಿಸಿದೆ. ಹೆಸರು ಹೇಳುವುದು ಅಧಿಕಾರ ಸ್ವೀಕಾರವಾದ ಮೇಲೆ. ಪೀಠ (ಬಿಷಪರ ಸ್ಥಾನ) ತೆರವಾಗಿದ್ದರೆ ಅಲ್ಲಿಯವರೆಗೆ ಪೋಪರ ಹೆಸರು ಮಾತ್ರ. ಸಲಹಾಗಾರರ ಮಂಡಳಿ (ಬಿಷಪರಿಗೆ ಸಲಹೆ ಕೊಡುವ ಗುರುಗಳ, ಅಂದರೆ ಪಾದ್ರಿಗಳ ಮಂಡಳಿ) ಆರಿಸಿದ ಆಡಳಿತಾಧಿಕಾರಿ ಗುರುಗಳ ಹೆಸರೂ ಅಲ್ಲಿ ಬರುವುದಿಲ್ಲ.

ಪ್ರಶ್ನೆ: ಮಂಗಳೂರಿನಲ್ಲಿ 2018ರಲ್ಲಿ ಬಿಷಪ್ ದೀಕ್ಷೆ ನಡೆಯಿತು. ಉಡುಪಿಯಲ್ಲಿ 2012ರಲ್ಲಿ ದೀಕ್ಷೆಯೇ ಇರಲಿಲ್ಲ. ಯಾಕೆ ಹೀಗೆ? ಇದಕ್ಕೆಲ್ಲ ಗಡುವು ಇದೆಯೆ?
– ಓದುಗರು, ಕಲ್ಯಾಣಪುರ

ಉತ್ತರ: ಬಿಷಪ್ ದೀಕ್ಷೆ ಒಬ್ಬರಿಗೆ ಒಂದೇ ಸಲ. ಅತಿ ವಂದನೀಯ ಪೀಟರ್ ಪಾವ್ಲ್ ಸಲ್ಡಾನ್ಹಾ ಅವರು ನೇಮಕವಾಗುವಾಗ ಗುರುಗಳಾಗಿದ್ದರು. 2018ರ ಜುಲೈ 3ರಂದು ಘೋಷಣೆಯಾಗಿ ಸೆಪ್ಟೆಂಬರ್ 15ರಂದು ರೊಜಾರಿಯೊ ಕೆಥೆಡ್ರಲಿನಲ್ಲಿ (ಬಿಷಪರ ಪೀಠವಿರುವ ಇಗರ್ಜಿಯಲ್ಲಿ) ದೀಕ್ಷೆ ನಡೆಯಿತು. ಅತಿ ವಂದನೀಯ ಜೆರಾಲ್ಡ್ ಲೋಬೊ ಅವರು ಉಡುಪಿಗೆ ಬರುವ ಮೊದಲೇ ಶಿವಮೊಗ್ಗದ ಬಿಷಪರಾಗಿದ್ದರು. ಹಾಗಾಗಿ 2012ರ ಅಕ್ಟೋಬರ್ 15ರಂದು ಕಲ್ಯಾಣಪುರದ ಮಿಲಾಗ್ರಿಸ್‌ನಲ್ಲಿ ನಡೆದದ್ದು ಧರ್ಮಪ್ರಾಂತ್ಯದ ಉದ್ಘಾಟನೆ ಮತ್ತು ಅಧಿಕಾರ ಸ್ವೀಕಾರ.

ಗಡುವು ಇದೆ. ಹೊಸಬರಾದರೆ 3 ತಿಂಗಳೊಳಗೆ ದೀಕ್ಷೆ, 4 ತಿಂಗಳೊಳಗೆ ಅಧಿಕಾರ ಸ್ವೀಕಾರ. ಈಗಾಗಲೇ ಬಿಷಪರಾಗಿದ್ದರೆ 2 ತಿಂಗಳು. ಘೋಷಣೆಯ ದಿನದಿಂದ ಲೆಕ್ಕ ಹಾಕುವವರು ಇಲ್ಲೇ ಎಡವುತ್ತಾರೆ. ಲೆಕ್ಕ ಶುರುವಾಗುವುದು ಪೋಪರ ನೇಮಕ ಪತ್ರ ಕೈಸೇರಿದ ದಿನದಿಂದ. ಆ ಪತ್ರವೇ ಎಲ್ಲಕ್ಕೂ ಆಧಾರ. ವಿಶ್ವಾಸ ಪ್ರಕಟಣೆ ಮಾಡಿ, ಪೋಪರ ಪೀಠಕ್ಕೆ ನಿಷ್ಠೆಯ ಪ್ರಮಾಣ ಸ್ವೀಕರಿಸಿದ ಬಳಿಕ, ಅವರು ಅದನ್ನು ಚಾನ್ಸಲರ್ (ಧರ್ಮಪ್ರಾಂತ್ಯದ ದಾಖಲೆ ನೋಡಿಕೊಳ್ಳುವ ಅಧಿಕಾರಿ) ಸಮ್ಮುಖದಲ್ಲಿ ಸಲಹಾಗಾರರ ಮಂಡಳಿಗೆ ತೋರಿಸುತ್ತಾರೆ. ಚಾನ್ಸಲರ್ ಅದನ್ನು ದಾಖಲೆ ಮಾಡುತ್ತಾರೆ. ಕಾನೂನಿನ ಮಟ್ಟಿಗೆ ಅಧಿಕಾರ ಬರುವುದು ಆಗಲೇ, ಮೆರವಣಿಗೆಯಿಂದಲ್ಲ, ಹಾರದಿಂದಲೂ ಅಲ್ಲ. ಹೊಸದಾಗಿ ಹುಟ್ಟಿದ ಧರ್ಮಪ್ರಾಂತ್ಯದಲ್ಲಿ ಆ ಮಂಡಳಿಯೇ ಇರುವುದಿಲ್ಲವಲ್ಲ? ಅಲ್ಲಿ ಪತ್ರವನ್ನು ಕೆಥೆಡ್ರಲಿನಲ್ಲಿ ಗುರುಗಳಿಗೂ ಜನರಿಗೂ ತಿಳಿಸಬೇಕು. ಹಾಜರಿರುವ ಗುರುಗಳಲ್ಲಿ ಹಿರಿಯರು ದಾಖಲೆ ಬರೆಯುತ್ತಾರೆ.

ಪ್ರಶ್ನೆ: ಬಿಷಪ್ ದೀಕ್ಷೆಯ ಪೂಜೆಗೆ ಹಾಡಲು ನಮ್ಮನ್ನು ಕರೆದರೆ ಎಲ್ಲೆಲ್ಲಿ ಹಾಡಬೇಕು?
– ಗಾಯನ ಮಂಡಳಿಯ ಸದಸ್ಯೆ, ಮೂಡುಬಿದಿರೆ

ಉತ್ತರ: ಎಲ್ಲಿ ಹಾಡಬಾರದು ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಿ. ಶುಭಸಂದೇಶ ವಾಚನದ ನಂತರ ಪೋಪರ ಪತ್ರವನ್ನು ಓದುತ್ತಾರೆ, ಪ್ರವಚನವಾಗುತ್ತದೆ. ನಿಯೋಜಿತ ಬಿಷಪರು ಪ್ರಶ್ನೆಗಳಿಗೆ ಉತ್ತರವಾಗಿ ವಾಗ್ದಾನ ಕೊಟ್ಟು, ನೆಲದ ಮೇಲೆ ಬೋರಲು ಮಲಗುತ್ತಾರೆ. ಆಗ ಸಂತರ ಸ್ತುತಿಮಾಲೆ. ಇದು ನಿಮ್ಮದೇ, ಇಡೀ ಸಭೆಗೆ ಕೇಳುವಂತೆ ಹಾಡಿ. ಅದು ಮುಗಿದ ತಕ್ಷಣ ಮುಖ್ಯ ದೀಕ್ಷಾದಾತರು, ಬಳಿಕ ಬಂದಿರುವ ಬಿಷಪರೆಲ್ಲ ಒಬ್ಬೊಬ್ಬರಾಗಿ ತಲೆಯ ಮೇಲೆ ಕೈಯಿಡುತ್ತಾರೆ. ಕನಿಷ್ಠ 3 ಬಿಷಪರು ಬೇಕೆಂಬುದು ನಿಯಮ. ನಮ್ಮ ಕಡೆ ಬಹಳ ಮಂದಿ ಬರುವುದರಿಂದ ಇದಕ್ಕೆ ಹೊತ್ತು ಹಿಡಿಯುತ್ತದೆ. ಇಲ್ಲಿ ಪೂರ್ತಿ ಮೌನವಿರಬೇಕು. ಹೊತ್ತು ಕಳೆಯಲೆಂದು ಕೀಬೋರ್ಡ್ ನುಡಿಸುವುದು, ಕೈಯಿಡುವ ಬಿಷಪರ ಹೆಸರುಗಳನ್ನು ಮೈಕಿನಲ್ಲಿ ಕರೆಯುವುದು ಎರಡೂ ತಪ್ಪು. ಕೈಯಿಡುವುದು ಮತ್ತು ಮುಂದಿನ ಪ್ರಾರ್ಥನೆ, ಇವೆರಡೇ ದೀಕ್ಷೆಯ ತಿರುಳು.

ಪ್ರಾರ್ಥನೆಯ ಉದ್ದಕ್ಕೂ ಇಬ್ಬರು ಡೀಕನರು (ಗುರುಗಳಿಗಿಂತ ಕೆಳಗಿನ ದೀಕ್ಷೆ ಪಡೆದವರು) ತೆರೆದ ಶುಭಸಂದೇಶ ಗ್ರಂಥವನ್ನು ಅವರ ತಲೆಯ ಮೇಲೆ ಹಿಡಿದಿರುತ್ತಾರೆ. ನಡುವಿನ ಒಂದು ಭಾಗವನ್ನು ದೀಕ್ಷೆ ಕೊಡುವ ಬಿಷಪರೆಲ್ಲ ಒಟ್ಟಾಗಿ ಹೇಳುತ್ತಾರೆ, ಆಗಲೂ ವಾದ್ಯ ಬೇಡ. ಆಮೇಲೆ ತಲೆಗೆ ಕ್ರಿಸ್ಮಾ ಎಂಬ ಪವಿತ್ರ ತೈಲ ಹಚ್ಚುತ್ತಾರೆ. ಗುರುದೀಕ್ಷೆಯಲ್ಲಿ ಅಂಗೈಗೆ, ಇಲ್ಲಿ ತಲೆಗೆ. ಶುಭಸಂದೇಶ ಗ್ರಂಥ, ಉಂಗುರ, ಮೈಟರ್ (ಬಿಷಪರ ಎತ್ತರದ ಟೋಪಿ), ಧರ್ಮದಂಡ ಇದೇ ಕ್ರಮದಲ್ಲಿ ಕೈಗೂ ತಲೆಗೂ ಬರುತ್ತವೆ. ಸ್ವಂತ ಕೆಥೆಡ್ರಲ್ ಆದರೆ ನಂತರ ಅವರನ್ನು ಪೀಠದಲ್ಲಿ ಕೂರಿಸುತ್ತಾರೆ. ಪರಮಪ್ರಸಾದದ ನಂತರದ ಪ್ರಾರ್ಥನೆ ಮುಗಿದ ಮೇಲೆ ‘ತೆ ದೇವುಂ’ ಸ್ತುತಿಗೀತೆ. ಅವರು ಇಗರ್ಜಿಯೊಳಗೆ ಸುತ್ತಾಡಿ ಆಶೀರ್ವದಿಸಿ ಬರುವಷ್ಟು ಹೊತ್ತು ಹಾಡು ಸಾಗಬೇಕು, ಹಾಗಾಗಿ ಎಲ್ಲ ಚರಣಗಳನ್ನೂ ಅಭ್ಯಾಸ ಮಾಡಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಮಗಳ ಮದುವೆ ಬೇರೆ ಧರ್ಮದ ಹುಡುಗನೊಂದಿಗೆ. ಹಿಂದಿನ ಬಿಷಪರು ವಿನಾಯಿತಿ ಪತ್ರ ಕೊಟ್ಟಿದ್ದಾರೆ. ಹೊಸಬರು ಬಂದರೆ ಮತ್ತೆ ಅರ್ಜಿ ಹಾಕಬೇಕೆ?
– ತಾಯಿಯೊಬ್ಬರು, ಕುಂದಾಪುರ

ಉತ್ತರ: ಬೇಡಮ್ಮ, ಚಿಂತೆ ಮಾಡಬೇಡಿ. ಕೊಟ್ಟವರ ಅಧಿಕಾರ ಮುಗಿದರೂ ಕೊಟ್ಟ ಪತ್ರ ಬಿದ್ದುಹೋಗುವುದಿಲ್ಲ. ಪೀಠ ತೆರವಾದಾಗ ವಿಕಾರ್ ಜನರಲ್ (ಆಡಳಿತದಲ್ಲಿ ಬಿಷಪರ ಸಹಾಯಕರು) ಅವರ ಹುದ್ದೆ ಕೊನೆಗೊಳ್ಳುತ್ತದೆ. ಊರಿನ ವಿಗಾರರು (ಇಗರ್ಜಿಯ ಮುಖ್ಯ ಗುರುಗಳು) ಮುಂದುವರಿಯುತ್ತಾರೆ. 8 ದಿನಗಳೊಳಗೆ ಸಲಹಾಗಾರರ ಮಂಡಳಿ ಆಡಳಿತಾಧಿಕಾರಿಯನ್ನು ಆರಿಸುತ್ತದೆ, ಇನ್ನೂ ಅರ್ಜಿ ಹಾಕದವರು ಅವರ ಹೆಸರಿಗೆ ಬರೆಯಬಹುದು. ಪತ್ರದ ಮೂಲಪ್ರತಿ ಮದುವೆ ನಡೆಯುವ ಇಗರ್ಜಿಯ ಕಡತದಲ್ಲಿರಲಿ, ಒಂದು ಪ್ರತಿ ನಿಮ್ಮಲ್ಲಿರಲಿ.

ಪ್ರಶ್ನೆ: ಬಿಷಪರ ಲಾಂಛನದಲ್ಲಿ ಹಸಿರು ಟೋಪಿ, ಗೊಂಡೆಗಳು ಯಾಕೆ?
– ವಿದ್ಯಾರ್ಥಿ, ಶಿರ್ವ

ಉತ್ತರ: ಪದವಿಯ ಗುರುತು. ಒಂದೊಂದು ಬದಿಗೆ 6 ಗೊಂಡೆ, ಮೇಲಿಂದ 1, 2, 3ರ ಸಾಲು. ಆರ್ಚ್‌ಬಿಷಪರಿಗೆ 10.

ಪ್ರಶ್ನೆ: ಹೊಸ ಬಿಷಪರು ನಮ್ಮ ಇಗರ್ಜಿಗೆ ಅಧಿಕೃತ ಭೇಟಿ ಕೊಡುವಾಗ ಏನು ಸಿದ್ಧವಿರಬೇಕು?
– ಗುರ್ಕಾರರು (ವಾಳೆಯ ಮುಖಂಡರು), ಕಾರ್ಕಳ

ಉತ್ತರ: 5 ವರ್ಷಕ್ಕೊಮ್ಮೆಯಾದರೂ ಇಡೀ ಧರ್ಮಪ್ರಾಂತ್ಯವನ್ನು ನೋಡಿ ಮುಗಿಸಬೇಕೆಂಬ ನಿಯಮವಿದೆ, ಆದ್ದರಿಂದ ನಿಮ್ಮ ಸರದಿ ಬಂದೇ ಬರುತ್ತದೆ. ಸ್ವಾಗತ ಕಮಾನಿಗಿಂತ ಮೊದಲು ಪುಸ್ತಕಗಳನ್ನು ನೋಡಿಕೊಳ್ಳಿ: ಜ್ಞಾನಸ್ನಾನ, ಮದುವೆ, ಮರಣದ ದಾಖಲೆಗಳು, ಪೂಜಾರ್ಪಣೆಯ ಕಾಣಿಕೆ ಪುಸ್ತಕ, ಲೆಕ್ಕಪತ್ರ, ಆಸ್ತಿಯ ಪಟ್ಟಿ. ಹೆಚ್ಚು ಕೊರತೆ ಕಾಣುವುದು ಜ್ಞಾನಸ್ನಾನದ ಪುಸ್ತಕದ ಅಂಚಿನಲ್ಲಿ. ದೃಢೀಕರಣ, ಮದುವೆ, ದೀಕ್ಷೆ ಎಲ್ಲವನ್ನೂ ಅಲ್ಲಿ ಬರೆಯಬೇಕು. ಮುಂಬೈಯಲ್ಲೋ ದುಬೈಯಲ್ಲೋ ಮದುವೆಯಾದವರ ಮಾಹಿತಿ ಅಲ್ಲಿಂದ ಊರಿಗೆ ಬಾರದೆ ಆ ಜಾಗ ಖಾಲಿ ಉಳಿದಿರುತ್ತದೆ. ವಾಳೆಯ (ಇಗರ್ಜಿಯ ವಾರ್ಡಿನ) ಮನೆಗಳಿಗೆ ಹೋದಾಗ ಹೊರಗೆ ಮದುವೆಯಾದವರ ಹೆಸರು, ಇಗರ್ಜಿ, ತಾರೀಕು ಬರೆದುಕೊಂಡು ವಿಗಾರರಿಗೆ ಕೊಡಿ. ಅವರು ಆ ಇಗರ್ಜಿಗೆ ಬರೆದು ಅಧಿಕೃತ ಮಾಹಿತಿ ತರಿಸಿಕೊಂಡು ದಾಖಲಿಸುತ್ತಾರೆ.