ಅವಳಿ ಮಕ್ಕಳ ಅಳು: ಒಂದು ಆಪ್ತಸಲಹೆ ಪ್ರಕರಣ

ಆರು ವರ್ಷದ ಅವಳಿ ಮಕ್ಕಳ (ಒಂದು ಗಂಡು, ಒಂದು ಹೆಣ್ಣು) ತಂದೆತಾಯಿ ನನ್ನ ಬಳಿ ಬಂದದ್ದು ಮಗನ ಅಳುವಿನ ವಿಚಾರವಾಗಿ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. "ಹುಡುಗನಾಗಿ ಹುಟ್ಟಿದವನು ಇಷ್ಟೊಂದು ಅಳುವುದುಂಟೇ? ಇವನಲ್ಲೇ ಏನೋ ಕೊರತೆಯಿರಬೇಕು" ಎಂಬುದು ತಂದೆಯ ಚಿಂತೆ. ಗಂಡುಹೆಣ್ಣಿನ ಸ್ವಭಾವಭೇದವೆಲ್ಲ ಸಮಾಜ ಕಲಿಸಿದ್ದೆಂದು ನಂಬಿದ್ದ ತಾಯಿಯಾದರೋ, ಮಗನ ಆಟದ ಕಾರುಗಳನ್ನು ಅಟ್ಟಕ್ಕೇರಿಸಿ ಅವನ ಕೈಗೆ ಗೊಂಬೆಗಳನ್ನು ಕೊಟ್ಟಿದ್ದರು. ಕಾರುಗಳಿಗಾಗಿಯೂ ಅವನು ಅಳುತ್ತಿದ್ದನಂತೆ!

ಇಬ್ಬರಿಗೂ ನನ್ನಿಂದ ತೀರ್ಪು ಬೇಕಿತ್ತು. ಈ ವಯಸ್ಸಿನಲ್ಲಿ ಹುಡುಗರಲ್ಲಿ ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನಿನ ಮಟ್ಟ ಹುಡುಗಿಯರದಕ್ಕಿಂತ ಹೇಳಿಕೊಳ್ಳುವಷ್ಟು ಹೆಚ್ಚಿರುವುದಿಲ್ಲವೆಂದೂ, ಅಳುವಿನಲ್ಲಿ ಎದ್ದು ಕಾಣುವ ಅಂತರ ಹದಿಹರೆಯದ ಹೊತ್ತಿಗೆ ಮೂಡುವಂಥದೆಂದೂ ತಂದೆಗೆ ತಿಳಿಸಿದೆ. ತಾಯಿಗೆ ಹೇಳಿದ್ದು ಬೇರೆ: ಜನ್ಮಜಾತ ತೊಂದರೆಯೊಂದರಿಂದ ಗರ್ಭದಲ್ಲಿಯೇ ಆಂಡ್ರೋಜನ್ (ಟೆಸ್ಟೋಸ್ಟಿರೋನಿನಂಥ ಗಂಡು ಹಾರ್ಮೋನು) ಹೆಚ್ಚಾಗಿ ದೊರೆತ ಹೆಣ್ಣುಮಕ್ಕಳು, ಹೆಣ್ಣಾಗಿಯೇ ಬೆಳೆದರೂ, ವಾಹನಗಳಂಥ ಆಟಿಕೆಗಳತ್ತ ಇತರ ಹುಡುಗಿಯರಿಗಿಂತ ಹೆಚ್ಚು ಒಲಿಯುವುದು ಕಂಡುಬಂದಿದೆ, ಆದ್ದರಿಂದ ಒಲವೆಲ್ಲವೂ ಕಲಿಕೆಯೆನ್ನಲಾಗದು. ಆದರೆ ಮನೋವಿಜ್ಞಾನಿ ಜಾನೆಟ್ ಹೈಡ್ 2005ರಲ್ಲಿ 46 ಮೆಟಾ ವಿಶ್ಲೇಷಣೆಗಳನ್ನು (ಹಲವು ಅಧ್ಯಯನಗಳ ಫಲಿತಾಂಶಗಳನ್ನು ಒಗ್ಗೂಡಿಸಿ ನೋಡುವ ಅಧ್ಯಯನಗಳನ್ನು) ಒಟ್ಟಾಗಿ ಪರಿಶೀಲಿಸಿದಾಗ, ಗಂಡುಹೆಣ್ಣಿನ ನಡುವೆ ಅಳೆಯಲಾದ ವ್ಯತ್ಯಾಸಗಳಲ್ಲಿ ಶೇ. 78ರಷ್ಟು ಅಲ್ಪ ಅಥವಾ ಶೂನ್ಯಕ್ಕೆ ಸಮೀಪವಾಗಿದ್ದವು. ಅಂಥ ಸರಾಸರಿಗಳನ್ನು ಹಿಡಿದು ಎದುರಿಗಿರುವ ಒಂದು ಮಗುವನ್ನು ಅಳೆಯಲು ಹೊರಡುವುದೇ ತಪ್ಪೆಂದು ನನ್ನ ಅಭಿಪ್ರಾಯ.

ಎರಡು ವಾರ, ಮಕ್ಕಳಲ್ಲಿ ಯಾರೇ ಅತ್ತರೂ ತಮ್ಮ ಬಾಯಿಂದ ಬಂದ ಮೊದಲ ಮಾತನ್ನು ಬರೆದಿಡಲು ಇಬ್ಬರಿಗೂ ಹೇಳಿದೆ. ಅವರು ತಂದ ಪುಸ್ತಕದಲ್ಲಿ ಮಗಳ ಅಳುವಿಗೆ "ಹೆದರಿದೆಯಾ ಪುಟ್ಟೀ?" ಎಂದೂ, ಮಗನ ಅಳುವಿಗೆ "ಯಾಕೋ ಈ ಹಟ?" ಎಂದೂ ಪುಟಪುಟದಲ್ಲಿತ್ತು, ಸಮಾನತೆಯ ಪರವಾಗಿ ವಾದಿಸಿದ್ದ ತಾಯಿಯ ಬರಹವೂ ಇದಕ್ಕೆ ಹೊರತಾಗಿರಲಿಲ್ಲ. ಆಗಷ್ಟೇ 1976ರ ಒಂದು ಪ್ರಯೋಗದ ವಿಷಯ ಎತ್ತಿದೆ. ಆಟಿಕೆಯೊಂದಕ್ಕೆ ಬೆಚ್ಚಿ ಅತ್ತ ಒಂಬತ್ತು ತಿಂಗಳ ಕೂಸಿನ ಒಂದೇ ಚಿತ್ರಣವನ್ನು ನೋಡಿದವರಲ್ಲಿ, ಕೂಸು ಗಂಡೆಂದು ತಿಳಿದವರು ಅದರಲ್ಲಿ ಹೆಚ್ಚಾಗಿ ಸಿಟ್ಟನ್ನೂ, ಹೆಣ್ಣೆಂದು ತಿಳಿದವರು ಹೆದರಿಕೆಯನ್ನೂ ಕಂಡಿದ್ದರು. ಮೊದಲ ದಿನವೇ ಹೇಳಿದ್ದರೆ ಇಬ್ಬರೂ ತಲೆಯಾಡಿಸಿ ಮರೆತುಬಿಡುತ್ತಿದ್ದರು.

ಕೊಟ್ಟ ಸಲಹೆ ದೊಡ್ಡದೇನಲ್ಲ. ಕಾರುಗಳು ಅಟ್ಟದಿಂದ ಇಳಿಯಲಿ, ಗೊಂಬೆಗಳೂ ಇರಲಿ, ಯಾವುದನ್ನು ಎತ್ತಿಕೊಳ್ಳಬೇಕೆಂಬುದು ಮಕ್ಕಳಿಗೇ ಬಿಟ್ಟದ್ದು; ಯಾರು ಅತ್ತರೂ ಅದಕ್ಕೆ ಹೆಸರಿಡುವ ಮುನ್ನ "ಏನಾಯಿತು?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯಬೇಕು.

ಮೂರನೆಯ ಭೇಟಿಯಲ್ಲಿ ತಂದೆ ಮಗನ ಮಾತನ್ನೇ ಎತ್ತಲಿಲ್ಲ. ಹೆದರಿಕೆಯೆಂದು ತಾವು ಇಷ್ಟು ದಿನ ಎತ್ತಿ ಸಮಾಧಾನಪಡಿಸುತ್ತಿದ್ದ ಮಗಳು, ಕೇಳಿದಾಗ, "ನಂಗೆ ಸಿಟ್ಟು ಬಂದಿದೆ" ಎಂದಳೆಂದು ಸ್ವಲ್ಪ ಗಲಿಬಿಲಿಯಿಂದಲೇ ಹೇಳಿದರು.