ವಯಸ್ಸಾದಂತೆ ಮಿದುಳಿಗೆ ರಕ್ತ ಕಡಿಮೆಯಾಗುತ್ತದೆಯೇ?

ಪ್ರಶ್ನೆ: ನಾನು 65 ವರ್ಷದ ನಿವೃತ್ತ ಶಿಕ್ಷಕ. ಬಿಪಿ, ಶುಗರ್ ಇಲ್ಲ. ಈಚೆಗೆ ಹಳೇ ವಿದ್ಯಾರ್ಥಿಗಳ ಹೆಸರು ತಟ್ಟನೆ ಹೊಳೆಯುವುದಿಲ್ಲ. ‘ವಯಸ್ಸಾದಂತೆ ತಲೆಗೆ ರಕ್ತ ಕಮ್ಮಿಯಾಗುತ್ತೆ, ದಿನಾ ಶೀರ್ಷಾಸನ ಹಾಕಿ’ ಎನ್ನುತ್ತಾರೆ ವಾಕಿಂಗ್ ಗೆಳೆಯರು. ನೆನಪಿಗೆ ಒಳ್ಳೆಯದೆಂದು ಗಿಂಕ್ಗೊ (ಒಂದು ಮರದ ಎಲೆಯ ಸಾರ) ಮಾತ್ರೆಯನ್ನೂ ಹೇಳಿದ್ದಾರೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ರಕ್ತ ಕಮ್ಮಿಯಾಗುವುದು ನಿಜ. ಉಳಿದ ಎರಡು ಸಲಹೆಗಳನ್ನು ಪಾರ್ಕಿನಲ್ಲೇ ಬಿಟ್ಟು ಬನ್ನಿ.

ಮಿದುಳಿನ ತೂಕ ದೇಹದ ಶೇ 2ರಷ್ಟು. ಆದರೆ ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಶೇ 15 ಅದಕ್ಕೇ ಹೋಗುತ್ತದೆ. ಯೌವನದಲ್ಲಿ ಪ್ರತಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿ.ಲೀ. ಸಿಗುತ್ತದೆ. ಆಮೇಲೆ ಆರೋಗ್ಯವಂತರಲ್ಲೂ ವರ್ಷಕ್ಕೆ ಹೆಚ್ಚುಕಡಿಮೆ ಶೇ ಅರ್ಧದಷ್ಟು ಇಳಿಯುತ್ತದೆ. ಆ ಲೆಕ್ಕದಲ್ಲಿ ನಿಮ್ಮ ವಯಸ್ಸಿಗೆ 40ರ ಆಸುಪಾಸು ಅನ್ನಿ. ನರಕೋಶಗಳು ಕೆಲಸ ನಿಲ್ಲಿಸುವುದು 20ರ ಹತ್ತಿರ ಬಂದಾಗ. ಅಂದರೆ ಕೈಯಲ್ಲಿ ಇನ್ನೂ ಸಾಕಷ್ಟಿದೆ. ಮಿದುಳೂ ಸುಮ್ಮನಿರುವುದಿಲ್ಲ; ಬಂದ ರಕ್ತದಿಂದಲೇ ಸ್ವಲ್ಪ ಹೆಚ್ಚು ಆಮ್ಲಜನಕ ಹೀರಿಕೊಳ್ಳುತ್ತದೆ.

ಇಳಿಕೆಗೆ ರಕ್ತನಾಳಗಳು ಬಿರುಸಾಗುವುದಷ್ಟೇ ಕಾರಣವಲ್ಲ. ವಯಸ್ಸಿನೊಂದಿಗೆ ಮಿದುಳು ತುಸು ಕುಗ್ಗುತ್ತದೆ, ಅದರ ಬೇಡಿಕೆಯೂ ತಗ್ಗುತ್ತದೆ. ಹೆಸರು ನಾಲಿಗೆ ತುದಿಯಲ್ಲಿ ನಿಂತು, ಸಂಜೆ ಕಾಫಿ ಕುಡಿಯುವಾಗ ತಾನಾಗಿ ಹೊಳೆದರೆ ಚಿಂತೆ ಬೇಡ. ಓಡಾಡಿದ ದಾರಿಯೇ ತಪ್ಪಿದರೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೀರಿ ಎಂದು ಮನೆಯವರು ಅಂದರೆ ವೈದ್ಯರನ್ನು ಕಾಣಿ.

ಇನ್ನು ಶೀರ್ಷಾಸನ. ತಲೆಕೆಳಗಾದರೆ ಮುಖ ಕೆಂಪಾಗುತ್ತದೆ. ಅದು ಚರ್ಮದ ಮಾತು. ಒಳಗೆ ಮಿದುಳಿನ ಸಣ್ಣ ರಕ್ತನಾಳಗಳು ಒತ್ತಡ ಏರಿದೊಡನೆ ಕಿರಿದಾಗಿ ಹರಿವನ್ನು ಹತೋಟಿಯಲ್ಲಿಡುತ್ತವೆ. ಕಣ್ಣಿಗೆ ಆ ಸೌಲಭ್ಯವಿಲ್ಲ: ಆ ಭಂಗಿಯಲ್ಲಿ ಕಣ್ಣೊಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದವರು ಆ ಕಡೆ ತಲೆ ಹಾಕಲೇಬಾರದು. ಗಿಂಕ್ಗೊವನ್ನು ಅಮೆರಿಕದಲ್ಲಿ 3,000ಕ್ಕೂ ಹೆಚ್ಚು ಹಿರಿಯರಿಗೆ ವರ್ಷಗಟ್ಟಲೆ ಕೊಟ್ಟು, ಔಷಧವಿಲ್ಲದ ಹುಸಿ ಮಾತ್ರೆಯೊಂದಿಗೆ ಹೋಲಿಸಿ ನೋಡಿದರು. ಮರೆಗುಳಿತನ ತಪ್ಪಲಿಲ್ಲವೆಂದು 2008ರಲ್ಲಿ ವರದಿಯಾಯಿತು.

ನಿಮ್ಮ ವಾಕಿಂಗ್ ಇದೆಯಲ್ಲ, ಅದನ್ನು ಮಾತ್ರ ಬಿಡಬೇಡಿ. ಮಾತಾಡುತ್ತಾ ನಡೆದರೆ ಸ್ವಲ್ಪ ಏದುಸಿರು ಬರುವಷ್ಟು ಬಿರುಸಾಗಿರಲಿ. ಬಿಪಿಯನ್ನು ಆಗಾಗ ನೋಡಿಸಿ. ರಾತ್ರಿ ಬಾತ್‌ರೂಮಿಗೆ ಏಳುವಾಗ ದಡಕ್ಕನೆ ಎದ್ದು ನಿಲ್ಲಬೇಡಿ, ಮಂಚದ ಅಂಚಿನಲ್ಲಿ ಅರ್ಧ ನಿಮಿಷ ಕಾಲು ಇಳಿಬಿಟ್ಟು ಕೂತು ಏಳಿ. ನಿಂತಾಗ ಕುಸಿಯುವ ಒತ್ತಡವನ್ನು ಸರಿದೂಗಿಸಲು ಈ ವಯಸ್ಸಿನಲ್ಲಿ ದೇಹಕ್ಕೆ ಅಷ್ಟು ಹೊತ್ತು ಬೇಕು.