ಓದುಗರ ಪ್ರಶ್ನೆ: ಇಡ್ಲಿ ಹಿಟ್ಟಿನಿಂದ ಹೊಲದ ಹೆಂಟೆಯವರೆಗೆ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮುಂಬೈ, ಪುಣೆ, ಗೋವೆಗಳಲ್ಲಿ ಆಹಾರದ ಉದ್ಯಮ ನಡೆಸುತ್ತಿರುವ ಕನ್ನಡಿಗರು ಬರೆದ ಪತ್ರಗಳಿವು. ತಾವು ಕೊಳ್ಳುವ ಬೇಳೆ, ಬೆಲ್ಲ, ಅಕ್ಕಿಯಿಂದ ಅದನ್ನು ಬೆಳೆದ ನೆಲಕ್ಕೂ ಬೆಳೆದವರಿಗೂ ಒಳಿತಾಗುತ್ತಿದೆಯೇ ಎಂಬುದು ಎಲ್ಲರ ಚಿಂತೆ.

ಪ್ರಶ್ನೆ: ನಾವು ಆರು ಮಂದಿ ಹೆಣ್ಣುಮಕ್ಕಳು ಸೇರಿ ಇಡ್ಲಿ-ದೋಸೆ ಹಿಟ್ಟು ರುಬ್ಬಿ ಮಾರುತ್ತೇವೆ. ಉದ್ದಿನಬೇಳೆ ತಂದುಕೊಡುವ ವ್ಯಾಪಾರಿ ಈಗ ಚೀಲದ ಮೇಲೆ ‘ಪುನಶ್ಚೇತನ ಕೃಷಿಯ ಉತ್ಪನ್ನ’ ಎಂದು ಮುದ್ರಿಸಿ ಕಿಲೋಗೆ ಹೆಚ್ಚು ಹಣ ಕೇಳುತ್ತಿದ್ದಾರೆ. ಸಾವಯವ ಎಂದರೂ ಇದೇ ಏನು? ನಂಬುವುದು ಹೇಗೆ?
— ಓದುಗರು, ಡೊಂಬಿವಲಿ

ಉತ್ತರ: ಎರಡೂ ಒಂದಲ್ಲ. ‘ಸಾವಯವ’ ಎಂಬ ಮಾತಿಗೆ ನಮ್ಮಲ್ಲಿ ಕಾನೂನಿನ ಕಾವಲಿದೆ. 2001ರಲ್ಲಿ ಆರಂಭವಾದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಲ್ಲಿ ಹೊರಗಿನ ಸಂಸ್ಥೆಯೊಂದು ಹೊಲವನ್ನು ತಪಾಸಣೆ ಮಾಡಿ ಪ್ರಮಾಣಪತ್ರ ಕೊಡುತ್ತದೆ. ಪಿಜಿಎಸ್-ಇಂಡಿಯಾ ಎಂಬ ಇನ್ನೊಂದು ಪದ್ಧತಿಯಲ್ಲಿ ಕನಿಷ್ಠ ಐದು ರೈತರ ಗುಂಪು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಭರವಸೆ ನೀಡುತ್ತದೆ. 2017ರ ಸಾವಯವ ಆಹಾರ ನಿಯಮಾವಳಿಯ ಪ್ರಕಾರ, ಪೊಟ್ಟಣದ ಮೇಲೆ ಸಾವಯವ ಎಂದು ಬರೆದು ಮಾರುವ ವ್ಯಾಪಾರಿಯ ಬಳಿ ಇವುಗಳಲ್ಲಿ ಒಂದರ ಆಧಾರವಿರಬೇಕು. ಸಣ್ಣ ರೈತರು ತಾವು ಬೆಳೆದದ್ದನ್ನು ತಿನ್ನುವವರಿಗೇ ನೇರವಾಗಿ ಮಾರುವಾಗ ಅದಕ್ಕೆ ವಿನಾಯಿತಿ ಇದೆ. ‘ಪುನಶ್ಚೇತನ’ ಎಂಬುದು, ಅಮೆರಿಕದ ರಾಬರ್ಟ್ ರೊಡೇಲ್ 1980ರ ದಶಕದಲ್ಲಿ ಪ್ರಚಾರಕ್ಕೆ ತಂದ ‘ರೀಜನರೇಟಿವ್’ ಎಂಬ ಮಾತಿಗೆ ನಾವು ಕೊಟ್ಟುಕೊಂಡಿರುವ ಕನ್ನಡ. ಅದಕ್ಕೆ ನಮ್ಮ ಕಾನೂನಿನಲ್ಲಿ ವ್ಯಾಖ್ಯೆಯಿಲ್ಲ, ಸರ್ಕಾರದ ಮುದ್ರೆಯೂ ಇಲ್ಲ. ಆದ್ದರಿಂದ ಚೀಲದ ಮೇಲಿನ ಆ ಮಾತಿಗೆ ಸಾಕ್ಷಿಯನ್ನು ಹೊಲದಲ್ಲೇ ಹುಡುಕಬೇಕಾಗುತ್ತದೆ.

ಸಾವಯವದ ನಿಯಮಗಳು ಮುಖ್ಯವಾಗಿ ಹೊಲಕ್ಕೆ ಏನು ಹಾಕಬಾರದು ಎಂಬುದನ್ನು ಕಾಯುತ್ತವೆ. ಪುನಶ್ಚೇತನ ಎನ್ನುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಐದು ವರ್ಷದ ಹಿಂದೆ ಇದ್ದುದಕ್ಕಿಂತ ಈ ಮಣ್ಣು ಈಗ ಚೆನ್ನಾಗಿದೆಯೇ? ನೆಲವನ್ನು ಬೆತ್ತಲೆ ಬಿಡದಿರುವುದು, ಉಳುಮೆಯನ್ನು ಆದಷ್ಟು ಕಡಿಮೆ ಮಾಡುವುದು, ಒಂದೇ ಬೆಳೆಗೆ ಜೋತುಬೀಳದಿರುವುದು, ದನ-ಕುರಿಗಳ ಗೊಬ್ಬರ ಹೊಲಕ್ಕೆ ಮರಳುವಂತೆ ನೋಡಿಕೊಳ್ಳುವುದು, ಇವೇ ಅದರ ಕೆಲಸಗಳು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಿಡಿಯುತ್ತಿದ್ದ ನಮ್ಮ ಹಿರಿಯರಿಗೆ ಇವು ಯಾವುವೂ ಹೊಸವಲ್ಲ.

ನಿಮ್ಮದು ಉದ್ದು. ಅದು ಎಪ್ಪತ್ತರಿಂದ ತೊಂಬತ್ತು ದಿನಗಳ ಬೆಳೆ. ಜೂನ್-ಜುಲೈಯಲ್ಲಿ ಬಿತ್ತಿದರೆ ಸೆಪ್ಟೆಂಬರಿನ ಹೊತ್ತಿಗೆ ಹೊಲ ಬರಿದಾಗುತ್ತದೆ. ಆದ್ದರಿಂದ ವ್ಯಾಪಾರಿಯನ್ನು ಮೊದಲು ಕೇಳಬೇಕಾದದ್ದು, ಉದ್ದು ಕಟಾವಾದ ಮೇಲೆ ಆ ನೆಲದಲ್ಲಿ ಏನಿತ್ತು ಎಂದು. ಜೋಳವೋ ಕಡಲೆಯೋ ಬಂದಿದ್ದರೆ ನೆಲಕ್ಕೆ ಹೊದಿಕೆಯಿತ್ತು. ಎರಡನೆಯದಾಗಿ, ಗಿಡವನ್ನು ಬೇರುಸಮೇತ ಕೀಳುತ್ತಾರೋ, ಅಥವಾ ಕುಡುಗೋಲಿನಿಂದ ಕೊಯ್ದು ಬೇರನ್ನು ಮಣ್ಣಿನಲ್ಲೇ ಬಿಡುತ್ತಾರೋ ಕೇಳಿ. ಉದ್ದಿನ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಬೇರನ್ನು ಕಿತ್ತು ಕಣಕ್ಕೆ ಒಯ್ದರೆ ಆ ಗಳಿಕೆಯ ಒಂದು ಪಾಲು ಹೊಲದಿಂದ ಹೊರಗೆ ಹೋಗುತ್ತದೆ. ಬೆಳೆ ಹೂವಾಡುವ ಹೊತ್ತಿನಲ್ಲಿ ನಿಮ್ಮಲ್ಲಿ ಒಬ್ಬಿಬ್ಬರು ಆ ಹೊಲಕ್ಕೇ ಹೋಗಿಬರಲು ಸಾಧ್ಯವಾದರೆ, ಒಂದು ಗಿಡವನ್ನು ಮಣ್ಣಿನೊಂದಿಗೆ ಮೆಲ್ಲಗೆ ಎಬ್ಬಿಸಿ, ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ ಎಂದು ಅರ್ಥ. ಬೂದು ಅಥವಾ ಹಸಿರು ಬಣ್ಣವಿದ್ದರೆ ಇಲ್ಲ.

ಇನ್ನೊಂದು ಪರೀಕ್ಷೆಯನ್ನು ನಾನೇ ಮಾಡಿ ನೋಡಿದ್ದೇನೆ. ಕಳೆದ ಬೇಸಿಗೆಯಲ್ಲಿ ಇಂಡಿ ತಾಲ್ಲೂಕಿನ ನಮ್ಮ ನೆಂಟರ ಹೊಲದಿಂದ ನಿಂಬೆಹಣ್ಣಿನ ಗಾತ್ರದ ಎರಡು ಒಣ ಹೆಂಟೆಗಳನ್ನು ಕಾಗದದಲ್ಲಿ ಸುತ್ತಿ ಮುಲುಂಡಿಗೆ ತಂದೆ. ಒಂದು ಪ್ರತಿವರ್ಷ ಉಳುವ ಜಾಗದ್ದು, ಇನ್ನೊಂದು ಅದೇ ಹೊಲದ ಬದುವಿನ ಹುಲ್ಲಿನ ಬುಡದ್ದು. ಅಡುಗೆಕಟ್ಟೆಯ ಮೇಲೆ ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಹೆಂಟೆಗಳನ್ನು ಮೆಲ್ಲಗೆ ಇಳಿಬಿಟ್ಟೆ. ಉಳುವ ಜಾಗದ ಹೆಂಟೆ ಗುಳ್ಳೆಗಳನ್ನು ಬಿಡುತ್ತಾ, ಚಹಾ ಕುದಿಯುವಷ್ಟರಲ್ಲಿ ಕುಸಿದು ಕೆಸರಾಯಿತು. ಬದುವಿನದ್ದು ಅಂಚಿನಲ್ಲಿ ಸ್ವಲ್ಪ ಉದುರಿದರೂ ಸಂಜೆಯವರೆಗೆ ತನ್ನ ಆಕಾರವನ್ನು ಉಳಿಸಿಕೊಂಡಿತ್ತು. ಬೇರು, ಶಿಲೀಂಧ್ರ, ಎರೆಹುಳುಗಳು ಸೇರಿ ಮಣ್ಣಿನ ಕಣಗಳನ್ನು ಹಿಡಿದಿಟ್ಟಿರುವುದೇ ಅದಕ್ಕೆ ಕಾರಣ. ಅಲ್ಲಿಯ ಎರೆಮಣ್ಣು, ಎಂದರೆ ಕಪ್ಪುಮಣ್ಣು, ಸ್ವಭಾವತಃ ನೀರಿನಲ್ಲಿ ಬೇಗ ಬಿರಿಯುವುದರಿಂದ ಬೇರೆ ಊರಿನ ಮಣ್ಣಿನೊಂದಿಗೆ ಹೋಲಿಸಬಾರದು. ಆಯಾ ಹೊಲವನ್ನು ಅದರದೇ ಬದುವಿನೊಂದಿಗೆ ಹೋಲಿಸಬೇಕು. ಉಳುವ ನೆಲ ವರ್ಷದಿಂದ ವರ್ಷಕ್ಕೆ ಬದುವಿನ ಮಣ್ಣಿಗೆ ಹತ್ತಿರವಾಗುತ್ತಿದ್ದರೆ ಅಲ್ಲಿ ಪುನಶ್ಚೇತನ ನಡೆಯುತ್ತಿದೆ ಎನ್ನಬಹುದು.

ದಾಖಲೆಯೇ ಬೇಕೆಂದರೆ, 2015ರಿಂದ ಕೇಂದ್ರ ಸರ್ಕಾರದ ಯೋಜನೆಯಲ್ಲಿ ರೈತರಿಗೆ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯ ಪ್ರತಿ ಕೇಳಿ. ಅದರ ಹನ್ನೆರಡು ಅಂಶಗಳಲ್ಲಿ ಕೊಳೆತ ಎಲೆ-ಬೇರು-ಗೊಬ್ಬರಗಳಿಂದ ಮಣ್ಣಿಗೆ ಸೇರುವ ಸಾವಯವ ಇಂಗಾಲವೂ ಒಂದು; ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ಕ್ಕಿಂತ ಮೇಲಿದ್ದರೆ ಉತ್ತಮ ಎಂದು ಲೆಕ್ಕ. ಇದು ಬಹಳ ನಿಧಾನವಾಗಿ ಏರುವ ಅಂಕಿ. ಒಂದೇ ವರ್ಷದಲ್ಲಿ ದುಪ್ಪಟ್ಟಾಯಿತು ಎನ್ನುವವರನ್ನು ನಂಬಬೇಡಿ. ಊರು, ಹಂಗಾಮು, ರೈತರ ಗುಂಪು ಯಾವುದೆಂದು ಹೇಳಲು ಒಪ್ಪದ ವ್ಯಾಪಾರಿಗೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಕಾಗಿಲ್ಲ.

ಪ್ರಶ್ನೆ: ಘಾಟ್ಕೋಪರಿನಲ್ಲಿ ನಮ್ಮ ತಂದೆಯ ಕಾಲದ ಉಡುಪಿ ಹೋಟೆಲಿದೆ. ರೈತರಿಂದ ನೇರವಾಗಿ, ಒಳ್ಳೆಯ ಬೆಲೆಗೆ ಕೊಳ್ಳಬೇಕೆಂಬ ಆಸೆಯಿದೆ. ಆದರೆ ಇಡ್ಲಿಯ ಬೆಲೆ ಏರಿದರೆ ಗಿರಾಕಿ ಎದುರಿನ ಹೋಟೆಲಿಗೆ ಹೋಗುತ್ತಾನೆ. ಏನು ಮಾಡಲಿ?
— ಓದುಗರು, ಘಾಟ್ಕೋಪರ್

ಉತ್ತರ: ಲೆಕ್ಕ ಹಾಕಿ ನೋಡೋಣ. ಮೂರು ಕಿಲೋ ಅಕ್ಕಿಗೆ ಒಂದು ಕಿಲೋ ಉದ್ದು ಎಂಬುದು ನಿಮ್ಮ ಅಳತೆಯೆಂದೂ, ಒಂದು ಇಡ್ಲಿಗೆ ಇಪ್ಪತ್ತೈದು ಗ್ರಾಂ ಒಣಧಾನ್ಯ ಹಿಡಿಯುತ್ತದೆಂದೂ ಇಟ್ಟುಕೊಳ್ಳಿ. ನಾಲ್ಕು ಕಿಲೋ ಧಾನ್ಯಕ್ಕೆ 160 ಇಡ್ಲಿ. ಅಕ್ಕಿಗೆ ಕಿಲೋಗೆ 20 ರೂಪಾಯಿ, ಉದ್ದಿಗೆ 40 ರೂಪಾಯಿ ಹೆಚ್ಚು ಕೊಟ್ಟರೂ ಒಟ್ಟು ಹೆಚ್ಚಳ 100 ರೂಪಾಯಿ. ಇಡ್ಲಿಯೊಂದಕ್ಕೆ ಅರವತ್ತು ಪೈಸೆಯ ಆಸುಪಾಸು. ಮುಂಬೈಯಲ್ಲಿ ಒಂದು ಪ್ಲೇಟ್ ಇಡ್ಲಿಯ ಬೆಲೆಯಲ್ಲಿ ಬಾಡಿಗೆ, ಗ್ಯಾಸ್, ಸಂಬಳಗಳ ಪಾಲೇ ದೊಡ್ಡದು, ಧಾನ್ಯದ ಪಾಲು ಚಿಕ್ಕದು. ರೈತನಿಗೆ ಬಹಳ ದೊಡ್ಡದೆನಿಸುವ ಹೆಚ್ಚಳ ನಿಮ್ಮ ತಟ್ಟೆಯಲ್ಲಿ ಕಾಣುವುದೇ ಇಲ್ಲ. ಚಟ್ನಿ, ಸಾಂಬಾರಿನ ತೊಗರಿಬೇಳೆ, ಎಣ್ಣೆ ಎಲ್ಲವನ್ನೂ ಒಂದೇ ಸಲ ಬದಲಿಸಲು ಹೊರಟರೆ ಕಷ್ಟವಾದೀತು; ಇಡ್ಲಿಯಿಂದ ಆರಂಭಿಸಿ.

ಆದರೆ ಹೆಚ್ಚು ಬೆಲೆಯೊಂದರಿಂದಲೇ ನಿಮ್ಮ ಹೊಣೆ ತೀರುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ರಾಸಾಯನಿಕ ಬಿಟ್ಟ ರೈತನಿಗೆ ಸಾವಯವ ಪ್ರಮಾಣಪತ್ರ ಸಿಗಲು ವಾರ್ಷಿಕ ಬೆಳೆಗಳಲ್ಲಿ ಎರಡು ವರ್ಷ, ತೆಂಗು-ಅಡಿಕೆಯಂಥ ಬಹುವಾರ್ಷಿಕ ಬೆಳೆಗಳಲ್ಲಿ ಮೂರು ವರ್ಷ ಕಾಯಬೇಕು. ಆ ವರ್ಷಗಳಲ್ಲಿ ಇಳುವರಿ ಇಳಿಯುವ ಸಂಭವವಿರುತ್ತದೆ, ಸಾವಯವದ ಬೆಲೆಯೂ ಸಿಗುವುದಿಲ್ಲ. ಬಹಳ ರೈತರು ಹಳೆಯ ದಾರಿಗೆ ಮರಳುವುದು ಈ ಇಕ್ಕಟ್ಟಿನಲ್ಲಿಯೇ. ಪಿಜಿಎಸ್ ಪದ್ಧತಿಯಲ್ಲಿ ಈ ನಡುವಿನ ಹಂತಕ್ಕೆ ‘ಪಿಜಿಎಸ್-ಗ್ರೀನ್’ ಎಂಬ ಮುದ್ರೆಯಿದೆ. ಪೂರ್ಣ ಪ್ರಮಾಣಪತ್ರವಿರುವ ಮಾಲನ್ನು ಕೊಳ್ಳಲು ಮಾಲ್‌ಗಳೂ ಆನ್‌ಲೈನ್ ಅಂಗಡಿಗಳೂ ಸಾಲುಗಟ್ಟಿವೆ. ಗ್ರೀನ್ ಹಂತದ ಅಕ್ಕಿಯನ್ನು ಕೊಳ್ಳುವವರು ಕಡಿಮೆ. ಮಣ್ಣಿನ ಪುನಶ್ಚೇತನಕ್ಕೆ ನಮ್ಮ ಪಾಲೂ ಇದೆ ಎಂದು ಹೇಳಿಕೊಳ್ಳುವ ಹೋಟೆಲು ಆ ಎರಡು ವರ್ಷಗಳಲ್ಲೇ ರೈತನ ಜೊತೆ ನಿಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಿತ್ತನೆಗೆ ಮುಂಚೆಯೇ ಇಷ್ಟು ಕ್ವಿಂಟಾಲ್ ಕೊಳ್ಳುತ್ತೇವೆ, ಇಂಥ ಬೆಲೆಗೆ ಕಡಿಮೆಯಿಲ್ಲದಂತೆ ಕೊಳ್ಳುತ್ತೇವೆ ಎಂದು ಕಾಗದದ ಮೇಲೆ ಬರೆದುಕೊಡಿ. ಮಳೆ ಕೈಕೊಟ್ಟು ಮಾಲು ಕಡಿಮೆ ಬಂದ ವರ್ಷ ದಂಡ ಹಾಕಬೇಡಿ. ತೂಕವಾದ ವಾರದೊಳಗೆ ಹಣ ಮುಟ್ಟಿಸಿ, ಏಕೆಂದರೆ ಎರಡು ತಿಂಗಳು ತಡವಾಗಿ ಬಂದ ಒಳ್ಳೆಯ ಬೆಲೆಯನ್ನು ಸಾಲದ ಬಡ್ಡಿಯೇ ತಿಂದುಬಿಡುತ್ತದೆ. ಒಬ್ಬೊಬ್ಬ ರೈತನೊಂದಿಗೆ ವ್ಯವಹರಿಸುವುದು ಕಷ್ಟವಾದರೆ ರೈತ ಉತ್ಪಾದಕ ಸಂಸ್ಥೆಯ ಮೂಲಕ ಹೋಗಿ.

ಕಳೆನಾಶಕ ನಿಂತ ಹೊಲದಲ್ಲಿ ಕಳೆ ಕೀಳುವ ಕೆಲಸ ಹೆಚ್ಚುತ್ತದೆ, ಮತ್ತು ಆ ಕೆಲಸ ಬಹುಪಾಲು ಹೆಂಗಸರ ಬೆನ್ನಿನ ಮೇಲೆ ಬೀಳುತ್ತದೆ. ನೀವು ಕೊಟ್ಟ ಹೆಚ್ಚಿನ ಬೆಲೆಯಲ್ಲಿ ಅವರ ದಿನಗೂಲಿ ಎಷ್ಟು ಏರಿತು ಎಂದು ಕೇಳುವ ಹಕ್ಕು ನಿಮಗಿದೆ. ದಯವಿಟ್ಟು ಕೇಳಿ.

ಪ್ರಶ್ನೆ: ಪುಣೆಯಲ್ಲಿ ಹೋಳಿಗೆ, ಶೇಂಗಾ ಚಿಕ್ಕಿ ಮಾಡಿ ಮಾರುತ್ತೇನೆ. ಕೊಲ್ಹಾಪುರದ ಕಡೆಯಿಂದ ಸಾವಯವ ಬೆಲ್ಲ ತರಿಸುತ್ತೇನೆ. ಇಷ್ಟು ಸಾಕಲ್ಲವೇ?
— ಓದುಗರು, ಹಡಪ್ಸರ್

ಉತ್ತರ: ಸಾವಯವ ಬೆಲ್ಲ ಒಳ್ಳೆಯ ಆರಂಭ. ಹಳದಿ ಬಣ್ಣಕ್ಕಾಗಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕದೆ, ಬೆಂಡೆಗಿಡದ ಲೋಳೆಯಿಂದ ಕಬ್ಬಿನ ಹಾಲನ್ನು ತಿಳಿಗೊಳಿಸಿ ಕಾಯಿಸಿದ ಬೆಲ್ಲ ಕಂದುಬಣ್ಣಕ್ಕಿರುತ್ತದೆ. ಹೋಳಿಗೆಯ ಹೂರಣ ಕಪ್ಪಾಯಿತೆಂದು ಗಿರಾಕಿ ದೂರಿದರೆ ಕಾರಣವನ್ನು ಬಿಡಿಸಿ ಹೇಳಿ, ಬಣ್ಣಕ್ಕೆ ಸೋಲಬೇಡಿ.

ಮುಂದಿನ ಪ್ರಶ್ನೆ ರವದಿಯದ್ದು, ಎಂದರೆ ಕಬ್ಬಿನ ಒಣ ಸೋಗೆಯದ್ದು. ಒಂದು ಹೆಕ್ಟೇರು ಕಬ್ಬು ಕಡಿದರೆ ಸುಮಾರು ಎಂಟರಿಂದ ಹತ್ತು ಟನ್ ಒಣಗಿದ ರವದಿ ಉಳಿಯುತ್ತದೆ. ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಗೆ ಅಡ್ಡಿಯೆಂದು ಅದಕ್ಕೆ ಬೆಂಕಿ ಹಚ್ಚಿದರೆ ಅದರಲ್ಲಿರುವ ಸಾರಜನಕವೂ ಇಂಗಾಲವೂ ಹೊಗೆಯಾಗಿ ಹೋಗುತ್ತವೆ, ಮೇಲ್ಮಣ್ಣಿನ ಜೀವಿಗಳೂ ಸುಡುತ್ತವೆ. ಸಾಲುಗಳ ನಡುವೆ ಹರಡಿದರೆ ನೆಲದ ತೇವ ಉಳಿಯುತ್ತದೆ, ಕಳೆ ಅಡಗುತ್ತದೆ, ಮುಂದೆ ಅದೇ ಗೊಬ್ಬರವಾಗುತ್ತದೆ. ನಿಮ್ಮ ಗಾಣದವರಿಗೆ ಕಬ್ಬು ಕೊಡುವ ರೈತರು ರವದಿಯನ್ನು ಏನು ಮಾಡುತ್ತಾರೆಂದು ವಿಚಾರಿಸಿ.

ಇದಕ್ಕಿಂತ ಗಂಭೀರವಾದದ್ದು ಕಬ್ಬು ಕಡಿಯುವವರ ವಿಷಯ. ಬೀಡ್ ಮತ್ತು ಮರಾಠವಾಡದ ಇತರ ಜಿಲ್ಲೆಗಳಿಂದ ಪ್ರತಿವರ್ಷ ಕುಟುಂಬಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿಯ ಕಡೆಗೂ ಗುಳೆ ಬರುತ್ತವೆ. ಗಂಡ-ಹೆಂಡತಿಯನ್ನು ಸೇರಿಸಿ ಒಂದು ‘ಕೋಯ್ತಾ’ ಎಂದು ಎಣಿಸುತ್ತಾರೆ. ಕೂಲಿಯವರನ್ನು ಗುಂಪುಕಟ್ಟಿ ಕರೆತರುವ ಮುಕಾದಮನಿಂದ ಮುಂಗಡ ಹಣ ಪಡೆದಿರುವುದರಿಂದ ಒಂದು ದಿನ ಒಬ್ಬರು ಮಲಗಿದರೂ ದಂಡ ಬೀಳುತ್ತದೆ. ಈ ಹೆಣ್ಣುಮಕ್ಕಳಲ್ಲಿ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡವರ ಸಂಖ್ಯೆ ವಿಪರೀತವಾಗಿದೆಯೆಂಬ ದೂರು ಎದ್ದು, 2019ರಲ್ಲಿ ಮಹಾರಾಷ್ಟ್ರ ಸರ್ಕಾರ ತನಿಖಾ ಸಮಿತಿಯನ್ನೇ ನೇಮಿಸಬೇಕಾಯಿತು. ಸಾವಯವದ ಮುದ್ರೆ ಹೊಲಕ್ಕೆ ಯಾವ ಗೊಬ್ಬರ ಬಿತ್ತೆಂದು ಹೇಳುತ್ತದೆಯೇ ಹೊರತು, ಕಬ್ಬು ಕಡಿದ ಹೆಂಗಸಿಗೆ ರಜೆ ಸಿಕ್ಕಿತೇ ಎಂದು ಹೇಳುವುದಿಲ್ಲ. ನಿಮ್ಮ ಗಾಣದ ಕಬ್ಬನ್ನು ಊರಿನವರೇ ಕಡಿಯುತ್ತಾರೋ, ಹೊರಗಿನ ಗುಂಪೋ, ಗಂಡು-ಹೆಣ್ಣಿಗೆ ಪ್ರತ್ಯೇಕ ಕೂಲಿ ಸಲ್ಲುತ್ತದೆಯೋ, ಗುಡಿಸಲಿನ ಬಳಿ ನೀರು-ಶೌಚಾಲಯವಿದೆಯೋ ಎಂಬುದನ್ನು ಹಂಗಾಮು ನಡೆಯುವಾಗ ಒಮ್ಮೆ ಹೋಗಿ ಕಣ್ಣಾರೆ ನೋಡಿ ಬನ್ನಿ. ಪುಣೆಯಿಂದ ಕೊಲ್ಹಾಪುರ ಒಂದು ದಿನದಲ್ಲಿ ಹೋಗಿ ಬರುವ ದಾರಿ.

ಪ್ರಶ್ನೆ: ನಾನು ಕುಮಟಾದವನು, ಮಡಗಾಂವಿನಲ್ಲಿ ಖಾನಾವಳಿ ನಡೆಸುತ್ತೇನೆ. ಇಲ್ಲಿಯ ಖಾಜನ್ ಗದ್ದೆಯ ಕೊರ್ಗುಟ್ ಅಕ್ಕಿಯನ್ನು ಬಳಸಬೇಕೆಂದಿದ್ದೇನೆ. ಇದೂ ಪುನಶ್ಚೇತನ ಕೃಷಿಯಲ್ಲಿ ಸೇರುತ್ತದೆಯೇ?
— ಓದುಗರು, ಮಡಗಾಂವ್

ಉತ್ತರ: ಅಘನಾಶಿನಿಯ ಗಜನಿ ಗದ್ದೆಗಳನ್ನೂ ಕಗ್ಗದ ಭತ್ತವನ್ನೂ ನೋಡಿ ಬೆಳೆದ ನಿಮಗೆ ಖಾಜನ್ ಹೊಸದಾಗಿರಲಾರದು; ಎರಡೂ ಒಡಹುಟ್ಟಿದಂಥವು. ನದಿಯ ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು, ‘ಮಾನಸ್’ ಎಂಬ ತೂಬಿನ ಬಾಗಿಲು ಭರತ-ಇಳಿತಗಳ ಒತ್ತಡಕ್ಕೆ ತಾನೇ ಮುಚ್ಚಿ ತೆರೆಯುವಂತೆ ಮಾಡಿ, ಮಳೆನೀರು ಉಪ್ಪನ್ನು ತೊಳೆದ ಮೇಲೆ ಕೊರ್ಗುಟ್‌ನಂಥ ಉಪ್ಪು ಸಹಿಸುವ ಭತ್ತವನ್ನು ಬೆಳೆಯುತ್ತಾರೆ. ಕಾಲುವೆಗಳಲ್ಲಿ ಮೀನು-ಸಿಗಡಿಯೂ ಸಿಗುತ್ತದೆ. ಅಲ್ಲಿ ಪುನಶ್ಚೇತನ ಎಂದರೆ ಯೂರಿಯಾದ ಮಾತಿಗಿಂತ ಒಡ್ಡಿನ ಮಾತು ದೊಡ್ಡದು. ಒಡ್ಡು ಒಡೆದು ಉಪ್ಪುನೀರು ಒಳನುಗ್ಗಿದರೆ ಮತ್ತೆ ಭತ್ತದ ಮುಖ ಕಾಣಲು ಬಹಳ ಕಾಯಬೇಕು. ಸಿಗಡಿಯ ಲಾಭಕ್ಕಾಗಿ ಭತ್ತ ಕೈಬಿಟ್ಟ ಗಜನಿಗಳ ಗತಿಯನ್ನು ನೀವು ಊರಿನಲ್ಲೇ ಕಂಡಿರುತ್ತೀರಿ.

ಆದ್ದರಿಂದ ಅಕ್ಕಿ ಕೊಳ್ಳುವ ಮುನ್ನ ಆ ಗದ್ದೆಗಳ ಒಕ್ಕಲುಗಳ ಸಂಘವನ್ನು ಭೇಟಿಯಾಗಿ, ಒಡ್ಡಿನ ದುರಸ್ತಿ ಯಾರ ಪಾಲಿನದು, ಕಳೆದ ಮಳೆಗಾಲದಲ್ಲಿ ಎಲ್ಲಿ ಕುಸಿಯಿತು ಎಂದು ಕೇಳಿ. ನೀವು ಕೊಳ್ಳುವ ಪ್ರತಿ ಕ್ವಿಂಟಾಲಿಗೆ ಇಂತಿಷ್ಟು ಎಂದು ದುರಸ್ತಿಯ ನಿಧಿಗೆ ಬೇರೆಯಾಗಿ ಕೊಡುವುದಾಗಿ ಅವರೊಂದಿಗೆ ಮಾತಾಡಿಕೊಳ್ಳಿ, ಮತ್ತು ಆ ಹಣವನ್ನು ಏಪ್ರಿಲಿನೊಳಗೆ ತಲುಪಿಸಿ. ಒಡ್ಡಿಗೆ ಮಣ್ಣು ಹಾಕುವ ಕೆಲಸ ಮಳೆ ಹಿಡಿಯುವ ಮುನ್ನವೇ ಮುಗಿಯಬೇಕು.